ಕ್ರಿಸ್‌ಮಸ್ ಮನೆಯ ಘಮ: ಏಲಕ್ಕಿ, ಲವಂಗ, ಲೋಬಾನ ಮತ್ತು ಒಂದಿಷ್ಟು ಹೊಗೆಯ ಲೆಕ್ಕ

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಬಸ್ಸಲ್ಲಿ ಕೂತು ಕೇಳ್ತಿದ್ರೆ ಕಿಟಕಿ ಅರ್ಧ ಎಳ್ಕೊಳ್ಳಿ, ಡಿಸೆಂಬರ್ ಗಾಳಿ ಕಿವಿಗೆ ಹೊಡೆಯುತ್ತೆ. ಇವತ್ತಿನ ವಿಷಯ ಮಾತ್ರ ಕಿವಿಗಲ್ಲ, ಮೂಗಿಗೆ ಸೇರಿದ್ದು.

ಹೋದ ವಾರ ಶಿಗ್ಗಾವಿಯ ಗೆಳೆಯನೊಬ್ಬ ಹುಬ್ಬಳ್ಳಿಯ ಅಂಗಡಿಯೊಂದರಿಂದ ಫೋಟೊ ಕಳಿಸಿದ. ಗಾಜಿನ ಲೋಟದೊಳಗೆ ಹುಯ್ದ ಮೇಣದಬತ್ತಿ, ಮೇಲೆ ಕ್ರಿಸ್‌ಮಸ್ ಮರದ ಚಿತ್ರ, ಬೆಲೆ 600 ರೂಪಾಯಿ ಚಿಲ್ಲರೆ. ಚೀಟಿಯಲ್ಲಿ ಬರೆದಿದ್ದ ವಾಸನೆಗಳು ನಾಲ್ಕು: ದಾಲ್ಚಿನ್ನಿ, ಲವಂಗ, ಕಿತ್ತಳೆ ಸಿಪ್ಪೆ, ಧೂಪ. ಅದರ ಕೆಳಗೆ ಅವನ ಮೆಸೇಜು: "ಲೇ, ಇದು ನಮ್ಮವ್ವನ ಮಸಾಲಿ ಡಬ್ಬಿ ಅಲ್ಲೇನು?"

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವನ ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿತು. ಯುರೋಪಿನ ಚಳಿಯ ಹಬ್ಬಕ್ಕೂ ನಮ್ಮ ಹಾವೇರಿ ಸೀಮೆಯ ಅಡುಗೆಮನೆಗೂ ಒಂದೇ ವಾಸನೆ ಹೇಗೆ ಬಂತು? ಇನ್ನೊಂದು ಕಾರಣವೂ ಇದೆ, ಹಿರೇಕೆರೂರಿನ ನಮ್ಮ ಮನೆಯದ್ದು. ಅದನ್ನು ಆಮೇಲೆ ಹೇಳ್ತೀನಿ.

ಚಿನ್ನದ ಜೊತೆ ಬಂದ ಅಂಟು

ಕ್ರಿಸ್‌ಮಸ್ ಕಥೆಯಲ್ಲೇ ಸುಗಂಧ ಇದೆ. ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯದಲ್ಲಿ ಮೂಡಣ ದೇಶದ ಜ್ಞಾನಿಗಳು ಮಗುವನ್ನು ನೋಡಲು ಬರುತ್ತಾರೆ. ಮೂವರು ಅಂತ ನಾವೆಲ್ಲ ಹೇಳ್ತೀವಿ. ಎಷ್ಟು ಜನ ಅಂತ ಅಲ್ಲಿ ಬರೆದೇ ಇಲ್ಲ, ಕಾಣಿಕೆ ಮೂರು ಅಷ್ಟೇ. ಚಿನ್ನ, ಧೂಪ, ರಕ್ತಬೋಳ. ಮೂರರಲ್ಲಿ ಎರಡು ಮರದ ಅಂಟು ಅನ್ನೋದನ್ನ ಗಮನಿಸಿ.

ಆ ಧೂಪ ಬಾಸ್ವೆಲಿಯಾ ಅನ್ನೋ ಮರದ ತೊಗಟೆ ಗೀರಿದಾಗ ಒಸರುವ ಹಾಲು, ಒಣಗಿ ಹರಳಾದದ್ದು. ಒಮಾನ್, ಯೆಮೆನ್, ಸೊಮಾಲಿಯಾದ ಒಣ ನೆಲದ ಮರ ಅದು. ಅದರ ಖಾಸಾ ಸಂಬಂಧಿ ನಮ್ಮ ದೇಶದಲ್ಲೇ ಇದೆ, ಸಂಸ್ಕೃತದಲ್ಲಿ ಸಲ್ಲಕಿ ಅಂತಾರೆ. ರಕ್ತಬೋಳದ ಮರಕ್ಕೂ ಇಲ್ಲಿ ಅಣ್ಣ-ತಮ್ಮ ಉಂಟು: ಗುಗ್ಗುಳ. ಅಂದರೆ ಬೆತ್ಲೆಹೇಮಿಗೆ ಹೋದ ಕಾಣಿಕೆಯ ಎರಡೂ ಕುಲಗಳು ನಮ್ಮ ಗ್ರಂಥಿಗೆ ಅಂಗಡಿಯ ಡಬ್ಬದಲ್ಲಿ ಅಕ್ಕಪಕ್ಕ ಕೂತಿವೆ.

ಹಾಗಾದರೆ ಲೋಬಾನ? ಇಲ್ಲಿ ಸ್ವಲ್ಪ ಗೊಂದಲ ಇದೆ. ಅರಬ್ಬಿಯಲ್ಲಿ ಲುಬಾನ್ ಅಂದರೆ ಆ ಬಾಸ್ವೆಲಿಯಾ ಧೂಪವೇ. ಮುಂದೆ ವ್ಯಾಪಾರಿಗಳು ಸುಮಾತ್ರಾ ಕಡೆಯಿಂದ ಇನ್ನೊಂದು ಮರದ ಅಂಟು ತಂದು ಅದನ್ನು 'ಲುಬಾನ್ ಜಾವಿ', ಜಾವಾದ ಲೋಬಾನ ಅಂತ ಕರೆದರು. ಯುರೋಪಿನವರ ಬಾಯಲ್ಲಿ ಅದೇ ಹೆಸರು ತಿರುಚಿಕೊಂಡು ಬೆಂಜಾಯಿನ್ ಆಯಿತು. ರಸಾಯನಶಾಸ್ತ್ರದ ಪುಸ್ತಕದಲ್ಲಿ ಬರುವ ಬೆಂಜೀನ್ ಇದೆಯಲ್ಲ, ಅದರ ಹೆಸರು ಹುಟ್ಟಿದ್ದೂ ಇದರಿಂದಲೇ. ಇವತ್ತು ನಾವು ಲೋಬಾನ, ಸಾಂಬ್ರಾಣಿ ಅಂತ ಕೊಳ್ಳೋದು ಹೆಚ್ಚಾಗಿ ಈ ಜಾವಾದ ಅಂಟು. ಸ್ವಲ್ಪ ವೆನಿಲಾ ಥರ ಸಿಹಿ ವಾಸನೆ ಬರುತ್ತೆ. ಅಗ್ಗದ ಪೊಟ್ಟಣದಲ್ಲಿ ರಾಳ ಬೆರೆಸಿರೋದೂ ಉಂಟು. ಆಗ ಹೊಗೆ ಜಾಸ್ತಿ, ಘಮ ಕಡಿಮೆ, ಗಂಟಲಲ್ಲಿ ಕೆರೆತ.

ನವಾಬರ ಊರು ಸವಣೂರಿನ ಪೇಟೆಯಲ್ಲಿ ಶುಕ್ರವಾರ ಅಂಗಡಿ ಅಂಗಡಿಗೆ ಲೋಬಾನದ ಹೊಗೆ ತೋರಿಸಿಕೊಂಡು ಹೋಗೋರನ್ನ ನೋಡಿ ಬೆಳೆದವರಿಗೆ ಅದು ದರ್ಗಾದ ವಾಸನೆ. ಅದೇ ಹುಡುಗ ಹುಬ್ಬಳ್ಳಿಗೆ ಓದೋಕೆ ಹೋಗಿ ಚರ್ಚಿನೊಳಗೆ ಕಾಲಿಟ್ಟರೆ, ಕ್ಯಾಥೋಲಿಕರ ದೊಡ್ಡ ಪೂಜೆಯಲ್ಲಿ ಸರಪಳಿಗೆ ಕಟ್ಟಿದ ಧೂಪದಾನಿ ತೂಗುವಾಗ ಒಂದು ಕ್ಷಣ ಊರು ನೆನಪಾಗುತ್ತೆ. ಹಿಂದೂ-ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಶಿಶುನಾಳ ಶರೀಫರ ಗದ್ದುಗೆ ಇರೋದೂ ಶಿಗ್ಗಾವಿ ತಾಲೂಕಲ್ಲೇ. ನಮ್ಮ ಸೀಮೆಯ ಮೂಗಿಗೆ ಬೇರೆಯವರ ಧೂಪ ಅಪರಿಚಿತ ಅನ್ನಿಸೋದು ಕಷ್ಟ.

ಏಲಕ್ಕಿ ತೊಳೆಯುತ್ತಿದ್ದ ಊರು

ಈಗ ಮಸಾಲೆಗೆ ಬರೋಣ. ಲವಂಗ ಇಂಡೊನೇಷ್ಯಾದ ಮಲುಕು ದ್ವೀಪಗಳದ್ದು, ಒಳ್ಳೆ ದಾಲ್ಚಿನ್ನಿ ಶ್ರೀಲಂಕಾದ್ದು, ಏಲಕ್ಕಿ ನಮ್ಮ ಪಶ್ಚಿಮ ಘಟ್ಟದ್ದು. ಯುರೋಪಿನಲ್ಲಿ ಇವು ಯಾವುದೂ ಬೆಳೆಯಲ್ಲ. ಹಡಗಲ್ಲಿ ಬರಬೇಕು, ದುಬಾರಿ. ಹಾಗಾಗಿ ವರ್ಷಪೂರ್ತಿ ಕೂಡಿಟ್ಟು ಹಬ್ಬದ ಕೇಕಿಗೆ, ಬಿಸಿ ಪಾನೀಯಕ್ಕೆ ಹಾಕ್ತಿದ್ದರು. ಚಳಿಗಾಲದ ದೊಡ್ಡ ಹಬ್ಬ ಅಂದರೆ ಕ್ರಿಸ್‌ಮಸ್. ಹಾಗೆ ಮಸಾಲೆ ವಾಸನೆ ಅಂದರೆ ಕ್ರಿಸ್‌ಮಸ್ ಅನ್ನೋದು ಅವರ ತಲೇಲಿ ಕೂತಿತು.

ನಮಗೆ ಅದು ದಿನದ ಚಹಾ. ಅದರಲ್ಲೂ ಹಾವೇರಿಗೆ 'ಏಲಕ್ಕಿ ಕಂಪಿನ ನಾಡು' ಅಂತ ಬಿರುದೇ ಇದೆ. ತಮಾಷೆ ಏನಂದ್ರೆ, ಹಾವೇರಿ ಏಲಕ್ಕಿ ಬೆಳೆಯುವ ಊರಲ್ಲ. ಬೆಳೆ ಇದ್ದದ್ದು ಘಟ್ಟದ ಕಡೆ, ಶಿರಸಿ-ಸಿದ್ದಾಪುರದ ತೋಟಗಳಲ್ಲಿ. ಅಲ್ಲಿಂದ ಮಾಲು ಬಯಲುಸೀಮೆಗೆ ಇಳಿಯುತ್ತಿತ್ತು. ಇವತ್ತಿಗೂ ಶಿರಸಿಯಿಂದ ಹಾವೇರಿಗೆ ಬರುವ ಹೆದ್ದಾರಿ ಹಾನಗಲ್ ತಾಲೂಕಿನ ಮೇಲೇ ಹಾದುಬರುತ್ತೆ. ಹಾವೇರಿಯಲ್ಲಿ ನಡೀತಿದ್ದದ್ದು ತೊಳೆಯುವ ಕೆಲಸ. ಅಂಟವಾಳ, ಸೀಗೆಕಾಯಿ ಕುಟ್ಟಿ ನೀರಿಗೆ ಹಾಕಿ, ಕಾಯಿ ನೆನೆಸಿ, ಉಜ್ಜಿ, ಒಣಗಿಸಿ ಬೆಳ್ಳಗೆ ಮಾಡೋದು. ಅದಕ್ಕೆ ಊರಿನ ಬಾವಿ ನೀರೇ ಆಗಬೇಕು ಅನ್ನೋ ನಂಬಿಕೆ ಇತ್ತು. ಬ್ರಿಟಿಷರ ಕಾಲದ ದಾಖಲೆಗಳಲ್ಲೂ ಈ ಹಾವೇರಿ ವಿಧಾನದ ವಿವರ ಇದೆ.

ಆ ವ್ಯಾಪಾರ ಕರಗಿತು. ಈಗ ದೇಶದ ಏಲಕ್ಕಿ ಅಂದರೆ ಕೇರಳದ ಇಡುಕ್ಕಿ. ಹಾವೇರಿಗೆ ಉಳಿದದ್ದು ಏಲಕ್ಕಿ ಹಾರ: ಒಂದೊಂದೇ ಕಾಯಿ ಆರಿಸಿ, ಸೂಜಿಯಲ್ಲಿ ಪೋಣಿಸಿ, ನಡುವೆ ಮಣಿ, ಜರಿ, ಬಣ್ಣದ ದಾರ ಸೇರಿಸಿ ಕಟ್ಟುವ ಹಾರ. ಪಟವೇಗಾರರ ಮನೆತನದವರು ತಲೆಮಾರುಗಳಿಂದ ಮಾಡಿಕೊಂಡು ಬಂದ ಕಸುಬು. ಮಂತ್ರಿಗಳು ಬಂದರೆ, ಮಠಾಧೀಶರು ಬಂದರೆ, ಸಾಹಿತ್ಯ ಸಮ್ಮೇಳನ ಆದರೆ ಕೊರಳಿಗೆ ಅದೇ. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದೂ ಇದೇ ಊರಲ್ಲಿ.

ಕ್ರಿಸ್‌ಮಸ್ ಮನೆಗೆ ನನ್ನ ಮೊದಲ ಶಿಫಾರಸು ಇದೇ ಹಾರ. ಸಣ್ಣದೊಂದು ಸಾಕು. ಬಾಗಿಲಿಗೋ ಕ್ರಿಸ್‌ಮಸ್ ಗಿಡಕ್ಕೋ ಹಾಕಿ. ಬೆಂಕಿ ಬೇಡ, ಕರೆಂಟು ಬೇಡ. ಏಲಕ್ಕಿಯ ಎಣ್ಣೆ ಇರೋದು ಸಿಪ್ಪೆಯಲ್ಲಲ್ಲ, ಒಳಗಿನ ಕರಿ ಬೀಜದಲ್ಲಿ. ಸಿಪ್ಪೆ ಅದಕ್ಕೆ ಮುಚ್ಚಳ. ಹಾಗಾಗಿ ಘಮ ದಿನಕ್ಕಿಷ್ಟು ಅಂತ ನಿಧಾನ ಸೋರುತ್ತೆ. ಹತ್ತಿರ ಹೋದರೆ ಮಾತ್ರ ಗೊತ್ತಾಗುವಷ್ಟು. ಮನೆ ತುಂಬ ಗಮ್ಮಂತ ಬರಬೇಕು ಅನ್ನೋರಿಗೆ ಇದು ಸಾಲದು, ಅದನ್ನೂ ಹೇಳಿಬಿಡ್ತೀನಿ.

ಕಿತ್ತಳೆ ಯಾಕೆ ಬೇಗ ಓಡಿಹೋಗುತ್ತೆ

ವಾಸನೆ ಅಂದರೆ ವಸ್ತುವಿನಿಂದ ಹಾರಿಬಂದ ಅಣುಗಳು. ಹಗುರ ಇದ್ದವು ಬೇಗ ಹಾರ್ತವೆ, ಭಾರ ಇದ್ದವು ನಿಧಾನ. ಕಿತ್ತಳೆ ಸಿಪ್ಪೆಯ ಲಿಮೊನೀನ್ ಕುದಿಯೋದು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲವಂಗದ ಯೂಜಿನಾಲ್, ಅದೇ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ವಾಸನೆ, ಕುದಿಯೋಕೆ ಸುಮಾರು 254 ಡಿಗ್ರಿ ಬೇಕು. ಧೂಪದ ಅಂಟಿನಲ್ಲಿರುವ ಎಷ್ಟೋ ಅಣುಗಳು ಇದಕ್ಕಿಂತಲೂ ಭಾರ. ಕೆಂಡದ ಕಾವು ತಾಗದೆ ಏಳೋದೇ ಇಲ್ಲ.

ಅದಕ್ಕೇ ಕಿತ್ತಳೆ ಸುಲಿದಾಗ ಒಮ್ಮೆ ಮುಖಕ್ಕೆ ಹೊಡೆದಂಗಾಗಿ ಹತ್ತು ನಿಮಿಷಕ್ಕೆ ಮಾಯ, ಲವಂಗ ಇಡೀ ಸಂಜೆ ಇರುತ್ತೆ, ಲೋಬಾನ ಮರುದಿನವೂ ಪರದೆ ಬಟ್ಟೆಯಲ್ಲಿ ಕೂತಿರುತ್ತೆ. ಸುಗಂಧ ಮಾಡುವವರ ಇಡೀ ವಿದ್ಯೆ ಈ ಓಟದ ಪಂದ್ಯವನ್ನು ಹೊಂದಿಸೋದರಲ್ಲಿದೆ. ಚಳಿ ಇದ್ದಾಗ ಎಲ್ಲವೂ ನಿಧಾನ. ನಮ್ಮ ಕಡೆ ಡಿಸೆಂಬರ್ ಬೆಳಗಿನ ಜಾವ ಹೊಲದ ವಾಸನೆ, ಒಲೆಯ ಹೊಗೆ ನೆಲಕ್ಕಂಟಿಕೊಂಡೇ ಇರುತ್ತಲ್ಲ, ಮೇಲೆ ಬೆಚ್ಚಗಿನ ಗಾಳಿಯ ಪದರ ಮುಚ್ಚಳದ ಹಾಗೆ ಕೂತು ಹೊಗೆಯನ್ನು ಏಳೋಕೆ ಬಿಡಲ್ಲ. ಈ ಮಾತು ನೆನಪಿಡಿ, ಈಗ ಬೇಕಾಗುತ್ತೆ.

ಇನ್ನೊಂದು ವಿಷಯ: ಮೂಗು ಬೇಗ ಬೇಸರ ಮಾಡ್ಕೊಳ್ಳುತ್ತೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಅದು ಗೊತ್ತಾಗೋದೇ ನಿಲ್ಲುತ್ತೆ. ನಾವೇನು ಮಾಡ್ತೀವಿ? ಘಮ ಹೋಯ್ತು ಅಂತ ಇನ್ನೆರಡು ಕಡ್ಡಿ ಹಚ್ತೀವಿ. ಹೋದದ್ದು ಘಮ ಅಲ್ಲ, ನಮಗೆ ಅದು ತಿಳಿಯೋದು. ಹೊಗೆ ಮಾತ್ರ ಕೂಡಿಕೊಳ್ತಾನೇ ಇರುತ್ತೆ.

ಬಾಣಂತಿ ಕೋಣೆ

ಈಗ ನಮ್ಮ ಮನೆಯ ಕಥೆ. ಕೆಲವು ವರ್ಷಗಳ ಹಿಂದಿನ ಡಿಸೆಂಬರು. ಅಕ್ಕ ಬಾಣಂತನಕ್ಕೆ ಹಿರೇಕೆರೂರಿಗೆ ಬಂದಿದ್ದಳು. ಕೂಸಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ನಮ್ಮ ಕಡೆ ಗೊತ್ತಲ್ಲ, ಕೂಸಿಗೆ ಎರೆದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ, ಬುಟ್ಟಿ ಬೋರಲು ಹಾಕಿ, ತಲೆಗೂದಲು ಒಣಗಿಸ್ತಾರೆ. ಕಿಟಕಿ, ಬಾಗಿಲು ಎಲ್ಲ ಬಂದ್, ಗಾಳಿ ತಾಗಬಾರದು ಅಂತ. ಮಂಚದ ಕೆಳಗೆ ಅಗ್ಗಿಷ್ಟಿಕೆ. ಅಜ್ಜಿ ಆ ಕೆಲಸವನ್ನು ಎಷ್ಟು ಪ್ರೀತಿಯಿಂದ ಮಾಡ್ತಿದ್ದಳು ಅಂದ್ರೆ, ಬೇಡ ಅನ್ನೋಕೆ ಯಾರಿಗೂ ಬಾಯಿ ಬರ್ತಿರಲಿಲ್ಲ.

ಕೂಸಿಗೆ ಕೆಮ್ಮು ಶುರುವಾಯಿತು. ರಾತ್ರಿ ಎದೆ ಗೊರಗೊರ. ಶೀತ ಅಂದುಕೊಂಡು ಅಜ್ಜಿ ಲೋಬಾನ ಇನ್ನಷ್ಟು ಹೆಚ್ಚು ಮಾಡಿದಳು.

ಮಾಳಿಗೆ ಮೇಲೆ ಬಾಡಿಗೆಗೆ ಇದ್ದವರು ಒಬ್ಬ ನರ್ಸು, ಹುಬ್ಬಳ್ಳಿ ಕಡೆಯ ಕ್ರೈಸ್ತರು. ನಾವೆಲ್ಲ ಸಿಸ್ಟರ್ ಅಂತಿದ್ವಿ, ಅಜ್ಜಿ ಮಾತ್ರ ಬಾಯಿ ತುಂಬ "ಅಕ್ಕಾರ" ಅನ್ನೋಳು. ಒಂದಿನ ಅವರು ಕೂಸು ನೋಡೋಕೆ ಕೋಣೆಗೆ ಬಂದವರೇ ಬಾಗಿಲಲ್ಲೇ ನಿಂತರು. "ಅಮ್ಮಾರ, ಇಷ್ಟು ಹೊಗಿ ನನಗ ತಡಕೊಳ್ಳಾಕ ಆಗವಲ್ದು, ಕೂಸಿನ ಪುಪ್ಪುಸ ನನ್ನ ಮುಷ್ಟಿಗಿಂತ ಸಣ್ಣದು" ಅಂದರು. ಅಜ್ಜಿ ಸಿಟ್ಟಾದಳು. "ನಾ ಆರು ಮಕ್ಕಳನ್ನ ಇದ ಹೊಗಿಯೊಳಗ ದೊಡ್ಡವ್ರನ್ನ ಮಾಡೇನಿ" ಅಂದಳು. ಆರರಲ್ಲಿ ಒಂದು ಉಳಿಯಲಿಲ್ಲ ಅನ್ನೋದು ಮನೆಯವರಿಗೆಲ್ಲ ಗೊತ್ತಿತ್ತು. ಯಾರೂ ಹೇಳಲಿಲ್ಲ.

ಮಕ್ಕಳ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೂ ಅದೇ: ಮನೇಲಿ ಹೊಗೆ ಹಾಕ್ತೀರಾ?

ವಿಜ್ಞಾನ ಏನು ಹೇಳುತ್ತೆ ಅಂತ ಸ್ವಲ್ಪ ನೋಡೋಣ. ಒಂದು ಗ್ರಾಂ ಊದುಬತ್ತಿ ಉರಿದರೆ ಸುಮಾರು 45 ಮಿಲಿಗ್ರಾಂ ಸೂಕ್ಷ್ಮ ಕಣ ಹೊರಬರುತ್ತೆ, ಒಂದು ಗ್ರಾಂ ಸಿಗರೇಟಿಗೆ ಸುಮಾರು 10 ಅಂತ ಸಂಶೋಧಕರ ಅಳತೆ ಇದೆ. ಇದನ್ನು ಹಿಡಿದು "ಊದುಬತ್ತಿ ಸಿಗರೇಟಿಗಿಂತ ಕೆಟ್ಟದ್ದು" ಅಂತ ವಾಟ್ಸಾಪಲ್ಲಿ ಹಾಕಬೇಡಿ. ಸಿಗರೇಟನ್ನು ನೇರ ಎಳೀತಾರೆ, ಊದುಬತ್ತಿಯ ಹೊಗೆ ಕೋಣೆಯಲ್ಲಿ ಹರಡಿ ತೆಳುವಾಗುತ್ತೆ. ಪ್ರಶ್ನೆ ಕೋಣೆಯದ್ದು. ಕಿಟಕಿ ತೆರೆದ ಪಡಸಾಲೆಯಲ್ಲಿ ಒಂದು ಕಡ್ಡಿ ಬೇರೆ, ಮುಚ್ಚಿದ ಹತ್ತಡಿ ಕೋಣೆಯಲ್ಲಿ ಕೆಂಡದ ತುಂಬ ಲೋಬಾನ ಬೇರೆ. ಪಿಎಂ 2.5 ಅನ್ನುವ ಸಣ್ಣ ಕಣಕ್ಕೆ ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದ್ದು 15. ಮುಚ್ಚಿದ ಕೋಣೆಯ ಲೋಬಾನ ಹೊಗೆ ಅಷ್ಟು ಹೊತ್ತಿನ ಮಟ್ಟಿಗೆ ಇದನ್ನು ಸುಲಭವಾಗಿ ದಾಟುತ್ತೆ.

ಕೆಂಡದ್ದು ಇನ್ನೂ ಒಂದು ಅಪಾಯ. ಗಾಳಿಯಾಡದ ಕಡೆ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಲೋಬಾನದ ಘಮದಲ್ಲಿ ಮಲಗಿದವರಿಗೆ ತಲೆನೋವು, ಮಂಪರು ಬಂದರೆ ಅದು ನಿದ್ದೆ ಅನ್ನಿಸುತ್ತೆ. ಚಳಿಗೆ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿ ಮಲಗಿದವರು ಏಳದೇ ಹೋದ ಸುದ್ದಿ ಪ್ರತಿ ಚಳಿಗಾಲವೂ ಎಲ್ಲಿಂದಲೋ ಬರ್ತಾನೇ ಇರುತ್ತೆ. ಕೆಂಡ ಇದ್ದಲ್ಲಿ ಬಾಗಿಲು ಹಾಕಬೇಡಿ, ಅಷ್ಟೇ.

ನಮ್ಮ ಮನೆಯಲ್ಲಿ ಏನಾಯ್ತು ಅಂದ್ರೆ, ಅಜ್ಜಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೇ ದಿನ ಕೂಸಿಗೆ ಎರೆದು, ಬಿಸಿಲಿಗೆ ತಂದು, ಹಳೇ ಧೋತರದ ಮೆತ್ತನೆ ಅರಿವೆಯಿಂದ ತಲೆ ಒರೆಸಿ ಒಣಗಿಸಿದಳು. ಲೋಬಾನದ ಡಬ್ಬಿ ದೇವರ ಮಾಡಕ್ಕೆ ಹೋಯಿತು. ಕೆಮ್ಮು ಇಳಿಯೋಕೆ ಔಷಧಿಯೂ ಬೇಕಾಯ್ತು, ಸಮಯವೂ ಹಿಡೀತು. ಹೊಗೆ ನಿಲ್ಲಿಸಿದ ಕೂಡಲೇ ಪವಾಡ ಆಯ್ತು ಅಂತ ನಾನು ಹೇಳಲ್ಲ.

ಹಚ್ಚದೆ ಘಮ ಮಾಡೋದು ಹೇಗೆ

ಆ ವರ್ಷದ ಕ್ರಿಸ್‌ಮಸ್‌ಗೆ ಸಿಸ್ಟರ್ ಮನೆಯಲ್ಲೂ ಒಂದು ಕಷ್ಟ ಬಂತು. ಪ್ರತಿ ವರ್ಷ ಅವರೂ ಧೂಪ, ವಾಸನೆ ಮೇಣದಬತ್ತಿ ಹಚ್ಚೋರು. ಕೆಳಗೆ ಕೂಸಿದೆ, ಹೊಗೆ ಬೇಡ ಅಂತ ತಾವೇ ಹೇಳಿ ಆಗಿದೆ. ಅವರು ಮಾಡಿದ್ದೇನು ಅಂತ ಹೇಳ್ತೀನಿ, ಬರೆದುಕೊಳ್ಳಿ.

ಒಂದು ಪಾತ್ರೆಯಲ್ಲಿ ಮೂರು ಲೋಟ ನೀರು. ನಾಲ್ಕು ಏಲಕ್ಕಿ, ಸ್ವಲ್ಪ ಜಜ್ಜಿ. ಆರೇಳು ಲವಂಗ. ಬೆರಳುದ್ದ ದಾಲ್ಚಿನ್ನಿ. ಕುದಿ ಬಂದ ಮೇಲೆ ಉರಿಯನ್ನು ಅತಿ ಸಣ್ಣ ಮಾಡಿ. ಕಿತ್ತಳೆ ಸಿಪ್ಪೆಯನ್ನು ಮೊದಲೇ ಹಾಕಬೇಡಿ. ಯಾಕೆ ಅಂತ ಈಗ ನಿಮಗೆ ಗೊತ್ತು. ನೆಂಟರು ಬರೋ ಐದು ನಿಮಿಷ ಮುಂಚೆ ಹಾಕಿ. ಅರ್ಧ ಗಂಟೆ ಸಾಕು. ನೀರು ಬತ್ತದಂತೆ ನೋಡ್ಕೊಳ್ಳಿ. ಒಲೆ ಮೇಲಿಟ್ಟು ರೀಲ್ಸ್ ನೋಡ್ತಾ ಕೂತರೆ ಮನೆ ತುಂಬ ಸುಟ್ಟ ವಾಸನೆ, ಅದು ನನ್ನ ಸ್ವಂತ ಅನುಭವ. ಕೆಟ್ಟ ಏಲಕ್ಕಿ, ಚಹಾಕ್ಕೆ ಬಳಸಿ ಉಳಿದ ಸಿಪ್ಪೆ ಇದಕ್ಕೆ ಚೆನ್ನಾಗೇ ಆಗುತ್ತೆ. ಶಿರಸಿ ಕಡೆಯ ನೆಂಟರಿದ್ದರೆ ಒಂದು ರಾಮಪತ್ರೆ ಕೇಳಿ ತರಿಸಿ ಹಾಕಿ, ಜಾಪತ್ರೆಗಿಂತ ಸೌಮ್ಯ.

ಎರಡನೆಯದು ಲವಂಗ ಚುಚ್ಚಿದ ಕಿತ್ತಳೆ. ಯುರೋಪಿನಲ್ಲಿ ಹಳೇ ಕ್ರಿಸ್‌ಮಸ್ ಅಲಂಕಾರ ಇದು. ಡಿಸೆಂಬರಲ್ಲಿ ನಮ್ಮ ತಳ್ಳುಗಾಡಿಗಳಲ್ಲೂ ನಾಗ್ಪುರದ ಕಿತ್ತಳೆ ಧಾರಾಳ. ಸಡಿಲ ಸಿಪ್ಪೆಯದ್ದು ಬೇಡ, ಗಟ್ಟಿ ಹಣ್ಣು ಆರಿಸಿ. ದಬ್ಬಣದಿಂದ ತೂತು ಮಾಡಿ ಲವಂಗ ಚುಚ್ಚುತ್ತಾ ಹೋಗಿ. ಇಡೀ ಹಣ್ಣು ಮುಚ್ಚೋಕೆ ಲವಂಗ ಬಹಳ ಬೇಕು, ಅದರ ರೇಟು ನಿಮಗೆ ಗೊತ್ತು. ಸುತ್ತು ಹಾಕಿದ ಹಾಗೆ ಎರಡು ಸಾಲು ಸಾಕು. ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿ ಗಾಳಿಯಾಡುವ ಕಡೆ ತೂಗುಹಾಕಿ. ಪೂರ್ತಿ ಒಣಗೋಕೆ ಮೂರ್ನಾಲ್ಕು ವಾರ. ಮಂಗಳೂರಿನ ಹಸಿ ಗಾಳಿಯಲ್ಲಿ ಬೂಸು ಹಿಡಿಯೋ ಭಯ ಹೆಚ್ಚು, ಸವಣೂರು-ಶಿಗ್ಗಾವಿಯ ಒಣ ಚಳಿಗೆ ಹೇಳಿ ಮಾಡಿಸಿದಂಗಿದೆ. ಲವಂಗದ ಯೂಜಿನಾಲ್ ಬೂಸನ್ನು ತಡೆಯುತ್ತೆ, ಅದಕ್ಕೇ ಆ ಚುಚ್ಚೋ ಕೆಲಸ. ಆದರೂ ಎಲ್ಲಾದರೂ ಹಸಿರು ಕಂಡರೆ ಎಸೆಯಿರಿ.

ಆನ್‌ಲೈನ್‌ನಲ್ಲಿ ಸಿಗೋ ಸುಗಂಧ ತೈಲದ ಬಗ್ಗೆ ಒಂದೇ ಮಾತು. ಬಾಟಲಿ ಚಿಕ್ಕದು, ಒಳಗಿರೋದು ಗಾಢ. ಲವಂಗದೆಣ್ಣೆ, ನೀಲಗಿರಿ ಎಣ್ಣೆ ಮಗುವಿನ ಬಾಯಿಗೆ ಹೋದರೆ ಆಸ್ಪತ್ರೆಗೇ ಓಡಬೇಕು. ಕರ್ಪೂರವೂ ಅಷ್ಟೇ, ಹಸುಗೂಸಿನ ಮೂಗಿಗೆ, ಎದೆಗೆ ಹಚ್ಚಬೇಡಿ, ಅದರಿಂದ ಫಿಟ್ಸ್ ಬರೋದುಂಟು. ಮನೇಲಿ ಬೆಕ್ಕಿದ್ದರೆ ಈ ಎಣ್ಣೆಗಳಿಂದ ದೂರ ಇಡಿ, ಅದರ ಪಿತ್ತಜನಕಾಂಗಕ್ಕೆ ಇವನ್ನು ಕರಗಿಸಿ ಹೊರಹಾಕೋ ಶಕ್ತಿ ಕಮ್ಮಿ.

ಧೂಪವೇ ಬೇಕು ಅನ್ನೋರಿಗೆ ನಾನು ಬೇಡ ಅನ್ನಲ್ಲ, ನನಗೂ ಇಷ್ಟ. ದೊಡ್ಡ ಕೋಣೆ, ತೆರೆದ ಕಿಟಕಿ, ಸಾಸಿವೆ ಕಾಳಿನಷ್ಟು ಲೋಬಾನ, ಐದು ನಿಮಿಷ. ಇನ್ನು ಕೊಳ್ಳುವಾಗ ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿ. ಪಶ್ಚಿಮ ಘಟ್ಟದಲ್ಲಿ ಕರಿಧೂಪದ ಮರ ಇದೆ. ಅಂಟು ಬೇಗ, ಹೆಚ್ಚು ಬರಲಿ ಅಂತ ಬುಡಕ್ಕೆ ಗಾಯ ಮಾಡಿ ಬೆಂಕಿ ಕೊಟ್ಟು ಎಷ್ಟೋ ಮರಗಳನ್ನು ಕೊಂದಿದ್ದಾರೆ. ಹಾಲ್ಮಡ್ಡಿಯದ್ದೂ ಹೆಚ್ಚುಕಮ್ಮಿ ಅದೇ ಗತಿ. ಮೈಸೂರು ಊದುಬತ್ತಿಗೆ 2005ರಲ್ಲಿ ಭೌಗೋಳಿಕ ಗುರುತು ಸಿಕ್ಕಿತಲ್ಲ, ಆ ಹಳೇ ಬತ್ತಿಗಳ ಮೆತ್ತನೆ ಘಮಕ್ಕೆ ಹಾಲ್ಮಡ್ಡಿಯೂ ಒಂದು ಕಾರಣ. ಅಮೆರಿಕ, ಯುರೋಪಿನ ಊದುಬತ್ತಿ ಪ್ರಿಯರು ಇವತ್ತಿಗೂ ಅದನ್ನು ಕನ್ನಡದ ಹೆಸರಲ್ಲೇ ಕರೀತಾರೆ, ಉಚ್ಚಾರ ಮಾತ್ರ ದೇವರಿಗೇ ಪ್ರೀತಿ.

ಆ 25ರ ಸಂಜೆ ಸಿಸ್ಟರ್ ಕೆಳಗೆ ಬಂದು ಎಲ್ಲರನ್ನೂ ಕರೆದರು. ಅಜ್ಜಿ ಮೆಟ್ಟಿಲು ಹತ್ತಲ್ಲ ಅಂತಿದ್ದವಳು ಕೂಸನ್ನೆತ್ತಿಕೊಂಡು ತಾನೇ ಮುಂದೆ ಹೊರಟಳು. ಮೇಲೆ ಒಲೆಯ ಮೇಲೆ ಆ ಪಾತ್ರೆ ಸಣ್ಣಗೆ ಕುದೀತಿತ್ತು. ಅಜ್ಜಿ ಮೂಗು ಮೇಲೆತ್ತಿ, "ಅಕ್ಕಾರ, ಚಹಾಕ್ಕ ಬೆಲ್ಲ ಹಾಕೋದು ಮರತೀರೇನು?" ಅಂದಳು. ಸಿಸ್ಟರ್ ತಟ್ಟೆಯಲ್ಲಿ ಕೇಕಿನ ಜೊತೆ ಕರ್ಚಿಕಾಯಿ ಇಟ್ಟಿದ್ದರು. ಅದರ ಹೂರಣಕ್ಕೆ ಏಲಕ್ಕಿ ಕಮ್ಮಿ ಬಿದ್ದಿದೆ ಅಂತ ಅಜ್ಜಿ ಅಲ್ಲೂ ತಪ್ಪು ಹುಡುಕಿದಳು.

ನಿಮ್ಮ ಮನೆಯ ಡಿಸೆಂಬರ್ ವಾಸನೆ ಯಾವುದು, ಒಂದು ವಾಯ್ಸ್ ಮೆಸೇಜಲ್ಲಿ ಹೇಳಿ ಕಳಿಸಿ. ಮುಂದಿನ ಸಂಚಿಕೆ ಎಳ್ಳಮವಾಸ್ಯೆಯ ಚರಗದ ಬಗ್ಗೆ. ಅಲ್ಲೀತನಕ, ಬರ್ತೀನಿ.